ಬೀಚ್ ಬದಿಯ ಲೈವ್ ಶೋಗೆ ದುಡ್ಡು ಕಳಿಸುವ ಮುಂಚೆ ಟೈಮ್ ನೋಡಿ

ಸೀಸನ್ ಬಂತೆಂದರೆ ಗೋಕರ್ಣದ ಸುತ್ತಮುತ್ತ ಚಿಕ್ಕ ಚಿಕ್ಕ ಜಾಗಗಳಲ್ಲಿ ಬ್ಯಾಂಡ್ ಶೋಗಳು ಶುರುವಾಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟರ್ ನೋಡಿ ಟಿಕೆಟ್ ಮಾಡುವವರು ದಯವಿಟ್ಟು ಇದನ್ನು ಓದಿ. ಬಯಲು ಜಾಗ, ಶೋ ರಾತ್ರಿ 9ಕ್ಕೆ ಅಂತಿದ್ದರೆ ದುಡ್ಡು ಕಳಿಸಬೇಡಿ.

ನಾವು ಶಿರಸಿಯಿಂದ ಘಟ್ಟ ಇಳಿದು ಕುಡ್ಲೆ ಬೀಚ್ ಕಡೆಯ ಒಂದು ಕ್ಲಬ್ಬಿಗೆ ಹೋಗಿದ್ದೆವು. ಬೆಂಗಳೂರಿನ ಇಂಡಿ-ಫೋಕ್ ಬ್ಯಾಂಡ್, ಅಂದರೆ ಜಾನಪದದ ಧಾಟಿಯಲ್ಲಿ ತಮ್ಮದೇ ಹಾಡು ಕಟ್ಟಿ ಹಾಡುವವರು. ತಲೆಗೆ 700 ರೂಪಾಯಿ. ದುಡ್ಡು ಹೋಗಿದ್ದು ಯಾರದೋ ಸ್ವಂತ ನಂಬರಿಗೆ. ಟಿಕೆಟ್ ಅಂತ ಬಂದಿದ್ದು ವಾಟ್ಸಾಪ್‌ನಲ್ಲಿ 'ಕನ್ಫರ್ಮ್' ಅನ್ನುವ ಮೆಸೇಜ್, ಅಷ್ಟೇ.

9ಕ್ಕೆ ಹೋದರೆ ವೇದಿಕೆ ಮೇಲೆ ಬರೀ ವೈರುಗಳು. ಊಟ, ಡ್ರಿಂಕ್ಸ್ ಆರ್ಡರ್ ಮಾತ್ರ ಜೋರಾಗಿ ನಡೆದಿತ್ತು. ಬ್ಯಾಂಡ್ ಶುರು ಮಾಡುವಾಗ 9.35 ಆಗಿತ್ತು. ಎರಡು ಗಿಟಾರ್, ಒಂದು ಮ್ಯಾಂಡೊಲಿನ್, ಕೂತು ಬಾರಿಸುವ ಪೆಟ್ಟಿಗೆಯಂಥ ಕಹೋನ್. ಮ್ಯಾಂಡೊಲಿನ್ ತಂತಿಯ ಮೇಲೆ ಬೆರಳು ಓಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಕೌಂಟರಿನಲ್ಲಿ ಮಿಕ್ಸಿ ತಿರುಗುತ್ತಲೇ ಇತ್ತು. ಒಮ್ಮೆಯಂತೂ ಹಾಡುವ ಹುಡುಗಿ ಸಾಲಿನ ಮಧ್ಯೆಯೇ ನಿಲ್ಲಿಸಿ, ಮಿಕ್ಸಿ ನಿಂತ ಮೇಲೆ ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು. ಈ ಸಂಗೀತದ ಜೀವ ಇರುವುದೇ ಸಣ್ಣ ಸದ್ದಿನಲ್ಲಿ ಅಲ್ವಾ? ಅದಕ್ಕೇ ಚಿಕ್ಕ ಜಾಗದಲ್ಲಿ ಕೇಳಬೇಕು ಅಂತ ಜನ ಅಷ್ಟು ದೂರದಿಂದ ಬರುವುದು.

ಸರಿಯಾಗಿ 10ಕ್ಕೆ ಕ್ಲಬ್ಬಿನವರೇ ಬಂದು ಸೌಂಡ್ ಆಫ್ ಮಾಡಿದರು. ಹಾಡು ಅರ್ಧಕ್ಕೆ ನಿಂತಿತು. ಶೋ ಮುಗಿಯಿತು.

ದುಡ್ಡು ಕೇಳಿದ್ದಕ್ಕೆ, "ಆರ್ಟಿಸ್ಟ್ ಬಂದಿದ್ರಲ್ಲ ಸರ್, ಹಾಡಿದ್ರಲ್ಲ. ಪೊಲೀಸ್ ರೂಲ್ಸಿಗೆ ನಾವೇನ್ ಮಾಡೋಕಾಗತ್ತೆ?" ಅಂದರು. ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ಆ ರೂಲ್ಸ್ ಅವತ್ತು ಬಂದಿದ್ದಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಸಭಾಂಗಣದಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಉಂಟು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಮ್ಮ ಕಡೆ ಎಷ್ಟೋ ಯಕ್ಷಗಾನ ಮೇಳಗಳೇ ರಾತ್ರಿಯಿಡೀ ಆಡುವುದು ಬಿಟ್ಟು ಕೆಲವೇ ಗಂಟೆಯ ಕಾಲಮಿತಿ ಆಟಕ್ಕೆ ಬಂದಿವೆ. ಬೀಚಿನಲ್ಲಿ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಮೊದಲು ಊಟದ ಬಿಲ್ ಆಗಲಿ ಅಂತಲೇ ತಡ ಮಾಡುತ್ತಾರೆ ಅನ್ನುವುದು ನನ್ನ ಅನುಮಾನ.

ಬ್ಯಾಂಡಿನವರ ಮೇಲೆ ಬೇಜಾರು ಬೇಡ. ಆಮೇಲೆ ಮಾತಾಡಿಸಿದೆವು. ಸಂಜೆ 6ಕ್ಕೇ ಬಂದು ರೆಡಿ ಇದ್ದರಂತೆ. 7ಕ್ಕೆ ಶುರು ಮಾಡೋಣ ಅಂದರೂ ಕ್ಲಬ್ಬಿನವರು ಒಪ್ಪಲಿಲ್ಲವಂತೆ.

ಹಾಗಾಗಿ ಮೊದಲೇ ಕೇಳಿ. ಗೇಟ್ ತೆರೆಯುವ ಟೈಮ್ ಬೇರೆ, ಹಾಡು ಶುರುವಾಗುವ ಟೈಮ್ ಬೇರೆ. ಎರಡನ್ನೂ ಬರೆದು ಕಳಿಸಲು ಹೇಳಿ. ಶೋ ಅರ್ಧಕ್ಕೆ ನಿಂತರೆ ದುಡ್ಡು ವಾಪಸ್ ಕೊಡ್ತೀರಾ ಅಂತ ಕೇಳಿ, ಉತ್ತರ ಇಟ್ಟುಕೊಳ್ಳಿ. ಬ್ಯಾಂಡಿನವರ ಸ್ವಂತ ಪೇಜಿನಲ್ಲಿ ಅದೇ ತಾರೀಕು, ಅದೇ ಜಾಗ ಇದೆಯಾ ನೋಡಿ. ರಾತ್ರಿ ವಾಪಸ್ ಬರಲು ಬಸ್ ನಂಬಬೇಡಿ.

ಈಗಾಗಲೇ ದುಡ್ಡು ಕಳೆದುಕೊಂಡವರು ಸುಮ್ನೆ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಯುಪಿಐ ದಾಖಲೆ, ವಾಟ್ಸಾಪ್ ಮೆಸೇಜ್, ಪೋಸ್ಟರಿನ ಸ್ಕ್ರೀನ್‌ಶಾಟ್ ಮೂರೂ ಇರಲಿ. ಪೋಸ್ಟರನ್ನು ಶೋಗೆ ಮುಂಚೆಯೇ ತೆಗೆದಿಟ್ಟುಕೊಳ್ಳಿ. ನಮ್ಮ ಶೋದ ಪೋಸ್ಟರನ್ನು ಅವರು ಮರುದಿನವೇ ಡಿಲೀಟ್ ಮಾಡಿದ್ದರು.