ಮಗಳಿಗೆ ಡ್ರಮ್ ಸೆಟ್: ಮೂರು ಬಗೆಯದನ್ನೂ ಬಾರಿಸಿ ನೋಡಿದ ಮೇಲೆ

ಎರಡು ದಸರಾ ಹಿಂದೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿ ಬಂದಳು ನನ್ನ ಮಗಳು. ಮಾರನೇ ದಿನದಿಂದ ಅಡುಗೆಮನೆಯ ಡಬ್ಬಗಳಿಗೆ ಬಿಡುವಿಲ್ಲ. ಆಗ ಅವಳಿಗೆ ಏಳು ವರ್ಷ. ತಾಳ ತಪ್ಪದೆ ಬಡಿಯುತ್ತಿದ್ದಳು, ಹಾಗಾಗಿ ಸುಮ್ಮನಿರು ಎನ್ನಲು ಮನಸ್ಸು ಬರಲಿಲ್ಲ. ನಾವಿರುವುದು ಕುವೆಂಪುನಗರದಲ್ಲಿ, ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಅಂಕಲ್, ಆಂಟಿ.

ಮೊದಲು ತಂದದ್ದು ಸುರುಳಿ ಸುತ್ತಿಡುವ ರಬ್ಬರ್ ಹಾಳೆಯ ಡ್ರಮ್. ಮೂರು ಸಾವಿರದೊಳಗೆ ಬಂತು. ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಒಂದೇ ಸದ್ದು. ಸ್ಟಿಕ್ ಪುಟಿಯುವುದಿಲ್ಲ. ಕಾಲಿಗೆ ಕೊಟ್ಟ ಪೆಡಲ್ ಬರೀ ಒಂದು ಸ್ವಿಚ್ಚು, ಒತ್ತಿದರೆ ನೆಲದ ಮೇಲೆ ಜಾರುತ್ತದೆ. ಹದಿನೈದು ದಿನಕ್ಕೆ ಮಗು ಬೇಸತ್ತಿತು. ದಯವಿಟ್ಟು ಇದನ್ನು ಕೊಳ್ಳಬೇಡಿ. ಅದೇ ದುಡ್ಡಿಗೆ ಒಳ್ಳೆಯ ಪ್ರಾಕ್ಟೀಸ್ ಪ್ಯಾಡ್, ಅಂದರೆ ಅಭ್ಯಾಸಕ್ಕೆ ಬಡಿಯುವ ರಬ್ಬರ್ ಹಲಗೆ, ಒಂದು ಜೊತೆ 7ಎ ಅಳತೆಯ ಸ್ಟಿಕ್ ತೆಗೆದುಕೊಳ್ಳಿ. 7ಎ ತೆಳ್ಳಗೆ, ಹಗುರ. ಎಲ್ಲರೂ ಕೊಡುವ 5ಎ ಪುಟ್ಟ ಕೈಗೆ ಭಾರ.

ಎರಡನೆಯದು ನಿಜವಾದ ಜೂನಿಯರ್ ಸೆಟ್. ಕಾಲಿನ ಪೆಡಲಿನಿಂದ ಬಾರಿಸುವ ಬೇಸ್ ಡ್ರಮ್ ದೊಡ್ಡವರದು 20 ಅಥವಾ 22 ಇಂಚು ಇದ್ದರೆ ಇದರದು 16. ಅವಳು ಕೂತು ಮೊದಲ ಸಲ ಪೆಡಲ್ ತುಳಿದಾಗ ಕಣ್ಣರಳಿಸಿ ನನ್ನ ಕಡೆ ತಿರುಗಿದಳು. ಸದ್ದು ಕಿವಿಗಲ್ಲ, ಎದೆಗೇ ಬರುತ್ತದಲ್ವಾ, ಅದು ಅವಳಿಗೆ ಹೊಸದು. ಸ್ನೇರ್, ಅಂದರೆ ಬಾರಿಸುವವರ ಎದುರಿಗೇ ಇರುವ ಚಿಕ್ಕ ಡ್ರಮ್, ಅದರ ಮೇಲೆ ಬೆರಳ ತುದಿಯಿಂದ ತಟ್ಟಿದರೂ ಅಡಿಯ ತಂತಿಗಳು ಜುಂ ಅನ್ನುತ್ತವೆ. ಮೆಲ್ಲಗೆ ಬಾರಿಸುವುದೂ ಒಂದು ವಿದ್ಯೆ ಅಂತ ಅವಳಿಗೆ ಗೊತ್ತಾಗಿದ್ದು ಇಲ್ಲಿ.

ಶ್ರುತಿ ಮಾಡುವುದನ್ನೂ ಕಲಿತೆವು. ಮಂಡ್ಯದ ಕಡೆ ನಮ್ಮೂರಿನ ಹಬ್ಬದಲ್ಲಿ ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡುತ್ತಾರೆ. ಇದಕ್ಕೆ ಪಾಲಿಯೆಸ್ಟರ್ ಹೊದಿಕೆ, ಬೆಂಕಿ ಬೇಡ. ಪುಟ್ಟ ಕೀಲಿಯಿಂದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಹೊದಿಕೆ ಸೊಟ್ಟಗಾಗಿ ಸದ್ದು ಕೆಡುತ್ತದೆ. ಈ ಸೆಟ್ಟಿನ ಸಿಂಬಲ್, ಅಂದರೆ ಲೋಹದ ಬಿಲ್ಲೆ ಮಾತ್ರ ಊಟದ ತಟ್ಟೆ ಬಿದ್ದ ಹಾಗೆ ಕೇಳುತ್ತದೆ. ಸ್ಟ್ಯಾಂಡಿನ ತಿರುಪು ವಾರಕ್ಕೊಮ್ಮೆ ಸಡಿಲ.

ಸದ್ದಿನ ವಿಷಯ ಹೇಳಲೇಬೇಕು. ಇಂಥ ಸೆಟ್ಟು ಸಣ್ಣ ಕೋಣೆಯಲ್ಲಿ ಸುಲಭವಾಗಿ 100 ಡೆಸಿಬೆಲ್ ಮುಟ್ಟುತ್ತದೆ. ದೊಡ್ಡವರ ಕೆಲಸದ ಜಾಗಕ್ಕೆ ಹಾಕುವ ಒಂದು ಲೆಕ್ಕದ ಪ್ರಕಾರ 85 ಡೆಸಿಬೆಲ್ ಇದ್ದರೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 100ಕ್ಕೆ ಉಳಿಯುವುದು 15 ನಿಮಿಷ. ಮಗುವಿನ ಕಿವಿ ಅಂದರೆ ಇನ್ನೂ ಜಾಗ್ರತೆ ಬೇಕು. ಕಿವಿ ಮುಚ್ಚುವ ಇಯರ್‌ಮಫ್ ಇಲ್ಲದೆ ನಾನು ಅವಳನ್ನು ಕೂರಿಸಲೇ ಇಲ್ಲ. ಆದರೆ ಕೆಳಗಿನವರಿಗೆ? ಆಂಟಿ ಒಂದು ತಿಂಗಳು ತಾಳಿ, ಆಮೇಲೆ ಬಂದು, "ಅಂಕಲ್ ಮಧ್ಯಾಹ್ನ ಮಲಗ್ತಾರೆ ಕಣಮ್ಮ" ಎಂದರು. ಅವರ ಮಾತು ನ್ಯಾಯವಾಗಿತ್ತು. ಸೆಟ್ಟು ಊರಿನ ಅಜ್ಜಿ ಮನೆಗೆ ಹೋಯಿತು.

ಹಾಗೆ ಬಂದದ್ದು ಎಲೆಕ್ಟ್ರಾನಿಕ್ ಸೆಟ್. ಬೆಲೆ ಜೂನಿಯರ್ ಸೆಟ್ಟಿನ ಎರಡು ಪಟ್ಟು. ರಬ್ಬರ್ ಪ್ಯಾಡಿನದು ಅಗ್ಗ, ಆದರೆ ಅರ್ಧ ಗಂಟೆಗೇ ಮಣಿಕಟ್ಟು ನೋಯುತ್ತದೆ ಎಂದಳು. ಅದಕ್ಕೆ ಮೆಶ್, ಅಂದರೆ ಬಲೆಬಟ್ಟೆ ಬಿಗಿದದ್ದನ್ನೇ ತಂದೆವು. ಸ್ಟಿಕ್ ಚೆನ್ನಾಗಿ ಪುಟಿಯುತ್ತದೆ. ಹೆಡ್‌ಫೋನ್ ಹಾಕಿದರೆ ಮನೆಯಲ್ಲಿ ಬರೀ ಟಪಟಪ. ಒಳಗೇ ತಾಳಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೋನೋಮ್ ಇದೆ, ಆರು ತಿಂಗಳಲ್ಲಿ ಲಯ ಗಟ್ಟಿಯಾಯಿತು.

ಆದರೂ ಎರಡು ಕೊರತೆ. ಬೇಸ್ ಪೆಡಲಿನ ಗುದ್ದು ಗಾಳಿಯಲ್ಲಲ್ಲ, ನೆಲದ ಮೂಲಕ ಇಳಿಯುತ್ತದೆ. "ಯಾರೋ ಒನಕೆಯಿಂದ ಕುಟ್ಟಿದ ಹಾಗಿದೆ" ಅಂದರು ಆಂಟಿ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನಿಟ್ಟು ಅದರ ಮೇಲೆ ಸೆಟ್ಟು ಕೂರಿಸಿದೆವು. ಗುದ್ದು ಬಹಳ ಕಡಿಮೆಯಾಯಿತು. ಇನ್ನೊಂದು ಕೊರತೆಗೆ ನನ್ನಲ್ಲಿ ಉಪಾಯವಿಲ್ಲ. ವಾಲ್ಯೂಮ್ ಗುಂಡಿ ಇರುವುದರಿಂದ ಅವಳು ಎಲ್ಲವನ್ನೂ ಒಂದೇ ಜೋರಿನಲ್ಲಿ ಹೊಡೆಯುತ್ತಾಳೆ. ರಜೆಗೆ ಅಜ್ಜಿ ಮನೆಗೆ ಹೋಗಿ ನಿಜವಾದ ಸ್ನೇರ್ ಮುಂದೆ ಕೂತರೆ ಎರಡು ದಿನದಲ್ಲಿ ಕೈ ಮತ್ತೆ ಮೆದುವಾಗುತ್ತದೆ.

ಹಾಗಾಗಿ ಸ್ವಂತ ಮನೆ, ಸುತ್ತ ಜಾಗ ಇದ್ದವರು ಜೂನಿಯರ್ ಸೆಟ್ಟನ್ನೇ ತನ್ನಿ, ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ಸಿಂಬಲ್ ಕೊಳ್ಳಿ. ನಮ್ಮ ಹಾಗೆ ಮಹಡಿಯಲ್ಲಿರುವವರಿಗೆ ಮೆಶ್ ಸೆಟ್ಟೇ ಗತಿ, ಜೊತೆಗೆ ವಾರಕ್ಕೊಮ್ಮೆಯಾದರೂ ಕ್ಲಾಸಿನಲ್ಲಿ ನಿಜವಾದ ಡ್ರಮ್ ಸಿಗುವ ಹಾಗೆ ನೋಡಿಕೊಳ್ಳಿ. ಯಾವುದೇ ಆಗಲಿ, ಮಗುವನ್ನು ಅಂಗಡಿಗೆ ಕರೆದೊಯ್ದು ಕೂರಿಸಿ ನೋಡಿ. ಪಾದ ಪೂರ್ತಿ ಪೆಡಲ್ ಮೇಲೆ ಕೂರಬೇಕು, ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು.

ಈಗ ಅವಳಿಗೆ ಒಂಬತ್ತು. ಊರಿನ ಸೆಟ್ಟಿನ ಸ್ನೇರ್ ಸ್ಟ್ಯಾಂಡ್ ಪೂರ್ತಿ ಏರಿಸಿದರೂ ತಗ್ಗಾಗುತ್ತಿದೆ. ಯುಗಾದಿ ಹೊತ್ತಿಗೆ ಅದು ಅವಳ ಚಿಕ್ಕಪ್ಪನ ಮಗನಿಗೆ. ಅವನಿಗೆ ಆರು.