ಪಿಕಪ್ಪಿನ ಮುಂಭಾಗ ಒದೆಯುತ್ತಿದೆಯೇ? ಟಾರ್ಷನ್ ಬಾರ್ ಬೋಲ್ಟಿಗೆ ಯಾರೂ ಕೈ ಹಾಕಲು ಬಿಡಬೇಡಿ

ಚೆನ್ನಾಗಿದ್ದ ಎರಡು ಶಾಕ್ ಅಬ್ಸಾರ್ಬರ್ ಗುಜರಿಗೆ ಹಾಕಿದೆ. ಕೀಲುಗಳಲ್ಲಿ ಕೂರುವ ಹೊಸ ರಬ್ಬರ್ ಬುಶ್‌ಗಳು ನಾಲ್ಕೇ ತಿಂಗಳಿಗೆ ಬಿರುಕು ಬಿಟ್ಟವು. ಮುಂದಿನ ಎರಡೂ ಟೈರ್ ಅಂಚಿನಲ್ಲಿ ಸವೆದವು. ಇಷ್ಟೆಲ್ಲ ಆದದ್ದು ಟೈರಿನಲ್ಲಿ ಗಾಳಿ ಹೆಚ್ಚಿದ್ದರಿಂದ ಎಂದರೆ ನೀವು ನಗುತ್ತೀರಿ. ನಕ್ಕರೂ ಪರವಾಗಿಲ್ಲ, ಪೂರ್ತಿ ಓದಿ.

ನನ್ನ ಪಿಕಪ್ಪಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಹೊಸ ಟೈರ್ ಹಾಕಿಸಿದ ವಾರದಿಂದಲೇ ಸವಾರಿ ಒರಟಾಯಿತು. ರಸ್ತೆಯ ಸಣ್ಣ ಬಿರುಕು ಕೂಡ ಸ್ಟೀರಿಂಗ್‌ವರೆಗೆ ಬಂದು ಅಂಗೈಗೆ ತಟ್ಟುತ್ತಿತ್ತು. ಟೈರ್ ಹಾಕಿಸಿದ ಮೇಲೆ ಶುರುವಾದ ಕಾಟ ಟೈರಿನದ್ದೇ ಇರಬಹುದು ಎಂದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನೇರ ಗ್ಯಾರೇಜಿಗೆ ಹೋದೆ.

ಮೆಕ್ಯಾನಿಕ್ ಬಾನೆಟ್ ಒಂದು ಸಲ ಅದುಮಿ ನೋಡಿದ, ಅಷ್ಟೇ. "ಶಾಕ್ ಹೋಗಿದೆ ಸಾರ್, ಲೋವರ್ ಆರ್ಮ್ ಬುಶ್ಶೂ ಹಾಕ್ಬಿಡೋಣ. ಬಾರ್ ಕೂತ್ಬಿಟ್ಟಿದೆ, ನಾಲ್ಕು ಸುತ್ತು ಟೈಟ್ ಮಾಡಿದ್ರೆ ಎದ್ದು ನಿಲ್ಲುತ್ತೆ." ಲೋವರ್ ಆರ್ಮ್ ಎಂದರೆ ಚಕ್ರವನ್ನು ಫ್ರೇಮಿಗೆ ಹಿಡಿದುಕೊಂಡು ಮೇಲೆ ಕೆಳಗೆ ಆಡುವ ಕೆಳಗಿನ ತೋಳು. ನಾನು ತಲೆಯಾಡಿಸಿದೆ. ಸಂಜೆ ಗಾಡಿ ಕೈಗೆ ಬಂದಾಗ ಮೂತಿ ಮೇಲೆತ್ತಿಕೊಂಡು ನಿಂತಿತ್ತು. ನೋಡಲು ಚಂದವೇ ಇತ್ತು, ಸುಳ್ಳು ಹೇಳುವುದಿಲ್ಲ.

ಓಡಿಸಿದರೆ ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲು ಬರೀ ಒರಟು, ಈಗ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಕೆಳಗೆ ಠಣ್ ಎಂಬ ಸದ್ದು. ಕೇಳಿದರೆ "ಹೊಸ ಶಾಕ್ ಅಲ್ವಾ ಸಾರ್, ಸೆಟ್ ಆಗ್ಬೇಕು" ಎಂಬ ಉತ್ತರ. ನಾಲ್ಕು ತಿಂಗಳು ಸೆಟ್ ಆಗಲು ಕಾದೆ. ಒಂದು ದಿನ ಮುಂದಿನ ಟೈರಿನ ಮೇಲೆ ಕೈ ಸವರಿದೆ. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು, ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸದ ಹಲ್ಲು. ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ಕೆಟ್ಟಿದೆ ಎಂದು ಟೈರೇ ಹೇಳುತ್ತಿತ್ತು. ಮೂತಿ ಎತ್ತಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಆರ್ಮ್ ಮತ್ತು ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್‌ಗಳ ಕೋನವೇ ಬದಲಾಗಿರುತ್ತದೆ. ಆ ಮನುಷ್ಯ ಅದನ್ನು ಮಾಡಿರಲೂ ಇಲ್ಲ, ನನಗೆ ಹೇಳಿರಲೂ ಇಲ್ಲ.

ಆಮೇಲೆ ಸರ್ವಿಸ್ ಮ್ಯಾನ್ಯುಯಲ್ ಎದುರಿಗಿಟ್ಟುಕೊಂಡು, ಟಾರ್ಚ್ ಹಿಡಿದು ನಾನೇ ಬಗ್ಗಿ ನೋಡಿದೆ. ಮೇಲಿನ ಆರ್ಮ್ ಕೆಳಗಿಳಿಯುವಾಗ ತಡೆಯಲು ಒಂದು ರಬ್ಬರ್ ಗುಬುಟು ಇರುತ್ತದೆ. ಗಾಡಿ ಸುಮ್ಮನೆ ನಿಂತಿದ್ದಾಗಲೇ ಆರ್ಮ್ ಅದರ ಮೇಲೆ ಕೂತಿತ್ತು, ನಡುವೆ ಒಂದು ಕಾಗದ ತೂರಿಸಲೂ ಜಾಗವಿರಲಿಲ್ಲ. ಅಂದರೆ ಗುಂಡಿ ಬಂದರೆ ಚಕ್ರ ಕೆಳಗಿಳಿಯುವ ಹಾಗೇ ಇಲ್ಲ. ಇಳಿಯಲಾಗದ ಚಕ್ರ ಗಾಡಿಯನ್ನೇ ಕೆಳಕ್ಕೆ ಎಳೆಯುತ್ತದೆ. ಆ ಠಣ್ ಅಲ್ಲಿಂದ ಬರುತ್ತಿತ್ತು.

"ಬಾರ್ ಟೈಟ್ ಮಾಡೋದು" ಎಂಬ ಮಾತೇ ಮೋಸ. ಬಾರ್ ಎಷ್ಟು ಗಡಸು ಎಂಬುದನ್ನು ತೀರ್ಮಾನಿಸುವುದು ಅದರ ದಪ್ಪ, ಉದ್ದ ಮತ್ತು ಲೋಹ. ದಪ್ಪದ ಲೆಕ್ಕವಂತೂ ನಾಲ್ಕನೇ ಘಾತದ್ದು: ಬಾರ್ 10% ದಪ್ಪಗಾದರೆ ಗಡಸುತನ ಸುಮಾರು 46% ಏರುತ್ತದೆ. ಬಾರಿನ ಹೊಂದಾಣಿಕೆ ಬೋಲ್ಟ್ ತಿರುಗಿಸಿದರೆ ಇದ್ಯಾವುದೂ ಬದಲಾಗುವುದಿಲ್ಲ. ಗಾಡಿಯ ತೂಕ ಅಷ್ಟೇ ಇರುವುದರಿಂದ ಬಾರ್ ತಿರುಚಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಗಾಡಿ ನಿಲ್ಲುವ ಎತ್ತರ ಮಾತ್ರ. ಬಾರ್ ನಿಜಕ್ಕೂ ಕುಗ್ಗಿ ಎತ್ತರ ಇಳಿದಿದ್ದರೆ ಅದನ್ನು ಮ್ಯಾನ್ಯುಯಲ್ ಹೇಳಿದ ಅಳತೆಗೆ ತರಲು ಆ ಬೋಲ್ಟ್ ಇದೆ, ಒರಟುತನ ಕಳೆಯಲು ಅಲ್ಲ. ನನ್ನ ಗಾಡಿಯಲ್ಲಿ ಕೆಲಸಕ್ಕೆ ಮುಂಚೆ ಟೇಪ್ ಹಿಡಿದು ಅಳೆದವರೇ ಇಲ್ಲ.

ಇನ್ನು ಬುಶ್ಶಿನ ಕಥೆ. ಲೋವರ್ ಆರ್ಮ್ ಬುಶ್ಶಿನಲ್ಲಿ ರಬ್ಬರು ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡಿರುತ್ತದೆ, ಬೋಲ್ಟ್ ಬಿಗಿದರೆ ಆ ಕೊಳವೆ ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳಬೇಕು. ಹಾಗಾಗಿ ಕೊನೆಯ ಬಿಗಿತ ಚಕ್ರಗಳ ಮೇಲೆ ಗಾಡಿಯ ಪೂರ್ತಿ ಭಾರ ಕೂತಾಗಲೇ ಆಗಬೇಕು. ನನ್ನದನ್ನು ಗಾಡಿ ಜಾಕ್ ಮೇಲಿದ್ದು ಚಕ್ರ ನೇತಾಡುತ್ತಿದ್ದಾಗಲೇ ಬಿಗಿದಿದ್ದರು. ನನಗೆ ಗೊತ್ತಾದದ್ದು ಹೀಗೆ: ಮುಂದಿನ ಚಕ್ರಗಳನ್ನು ರ‍್ಯಾಂಪಿಗೆ ಹತ್ತಿಸಿ, ಹಿಂದೆ ಅಡ್ಡಗಲ್ಲು ಕೊಟ್ಟು, ಬೋಲ್ಟ್ ಸಡಿಲಿಸಿದೆ. ನಟ್ ಬಿಟ್ಟ ಕ್ಷಣ ಟಕ್ ಎಂದು ಒಳಗಿನ ಕೊಳವೆ ತಾನಾಗಿಯೇ ತಿರುಗಿತು. ನಾಲ್ಕು ತಿಂಗಳು ಆ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇತ್ತು. ಬಿರುಕು ಬಿಡದೆ ಇನ್ನೇನು ಮಾಡೀತು?

ಶಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಕ್ ಸತ್ತರೆ ಗಾಡಿ ದೋಣಿಯಂತೆ ತೇಲುತ್ತದೆ, ಉಬ್ಬು ದಾಟಿದ ಮೇಲೂ ಮೂತಿ ಎರಡು ಮೂರು ಸಲ ಕುಪ್ಪಳಿಸುತ್ತದೆ, ಎಣ್ಣೆ ಸೋರಿರುತ್ತದೆ. ನನ್ನ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಹಾಗಿದ್ದೂ ಭಾರ ಹೊರುವ ಗಾಡಿಗೆಂದು ಮಾಡಿದ ಇನ್ನೂ ಗಟ್ಟಿ ಜೋಡಿ ಹಾಕಿಸಿಕೊಂಡೆ, ನಾನೋ ಮುಕ್ಕಾಲು ಪಾಲು ದಿನ ಖಾಲಿ ಓಡಿಸುವವನು.

ಕೊನೆಗೆ ಗಾಳಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗೇಜ್ ಇಟ್ಟರೆ 60 ಪಿಎಸ್‌ಐ. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಖಾಲಿ ಗಾಡಿಗೆ 35 ಎಂದಿತ್ತು. ಟೈರಿನ ಪಕ್ಕದ ಗೋಡೆಯಲ್ಲಿ ಅಚ್ಚೊತ್ತಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ತುಂಬಿಸಬೇಕಾದ ಒತ್ತಡವಲ್ಲ. ಟೈರ್ ಹಾಕಿದವರು ಅದನ್ನೇ ನೋಡಿ ತುಂಬಿದ್ದರು. ಚೀಟಿಯ ಅಳತೆಗೆ ಇಳಿಸಿ ಒಂದು ಸುತ್ತು ಹೋಗಿ ಬಂದೆ. ಅರ್ಧ ಒರಟುತನ ಅಲ್ಲೇ ಹೋಗಿತ್ತು. ಹೊರೆ ಹಾಕುವ ದಿನ ಚೀಟಿಯ ಹೊರೆಯ ಲೆಕ್ಕಕ್ಕೆ ಏರಿಸುತ್ತೇನೆ, ಚೀಟಿಗಿಂತ ಕೆಳಗಂತೂ ಇಳಿಸುವುದಿಲ್ಲ.

ಬಾರ್ ವಾಪಸ್ ಇಳಿಸಲು ಹೊರಟವರಿಗೆ ಒಂದು ಮಾತು. ಗಾಡಿಯ ಭಾರ ಹೊತ್ತ ಆ ಬೋಲ್ಟನ್ನು ಹಾಗೇ ತಿರುಗಿಸಬೇಡಿ. ಫ್ರೇಮಿಗೆ ಸ್ಟ್ಯಾಂಡ್ ಕೊಟ್ಟು ಚಕ್ರ ನೇತಾಡಲು ಬಿಟ್ಟರೆ ಭಾರ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸುತ್ತು ಎಣಿಸಿ ಬರೆದಿಟ್ಟುಕೊಳ್ಳಿ. ಇಳಿಸಿದ ಮೇಲೆ ಗಾಡಿಯನ್ನು ಹಿಂದೆ ಮುಂದೆ ಸ್ವಲ್ಪ ಓಡಿಸಿ, ಆಮೇಲೆ ಅಳೆಯಿರಿ. ಬಾರ್ ಬಿಚ್ಚುವ ಕೆಲಸಕ್ಕೆ ಮಾತ್ರ ಅದರದ್ದೇ ಟೂಲ್ ಇಲ್ಲದೆ ಇಳಿಯಲೇಬೇಡಿ. ತಿರುಚಿ ಕೂತ ಉಕ್ಕು ಜಾರಿದರೆ ಎದುರಿಗಿರುವ ಕೈ, ಮುಖ ಯಾವುದನ್ನೂ ಉಳಿಸುವುದಿಲ್ಲ.

ನನ್ನ ಗಾಡಿ ಈಗ ಹಳೆಯ ಎತ್ತರದಲ್ಲಿದೆ, ಅಲೈನ್‌ಮೆಂಟ್ ಆಗಿದೆ. ಬಿರುಕು ಬಿಟ್ಟ ಬುಶ್‌ಗಳನ್ನು ಮುಂದಿನ ವಾರ ಬದಲಿಸಬೇಕು. ಕೊನೆಯ ಬಿಗಿತದ ಹೊತ್ತಿಗೆ ನಾನೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತೇನೆ.