ಕಾರು ಚೆಂದ, ಕೀ ಮಾತ್ರ ಕೈಗೆ ಒಗ್ಗಲಿಲ್ಲ

ಕಾರು ಕೊಳ್ಳುವಾಗ ಮೈಲೇಜ್ ಕೇಳುತ್ತೇವೆ, ಏರ್‌ಬ್ಯಾಗ್ ಎಷ್ಟು ಅಂತ ಕೇಳುತ್ತೇವೆ, ಡಿಕ್ಕಿ ತೆಗೆಸಿ ಇಣುಕುತ್ತೇವೆ. ಕೀ ಹೇಗಿದೆ ಅಂತ ಯಾರೂ ನೋಡುವುದಿಲ್ಲ. ಡೆಲಿವರಿ ದಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫೋಟೋ ತೆಗೆದು ಕೀ ಕೈಗೆ ಕೊಡುತ್ತಾರೆ. ಆಮೇಲೆ ಕಾರು ಇರುವಷ್ಟು ದಿನ ಅದು ನಮ್ಮ ಕೈಯಲ್ಲೇ ಇರುತ್ತದೆ. ಅದಕ್ಕೇ ಈ ವಿಮರ್ಶೆ ಬರೀ ಕೀ ಬಗ್ಗೆ, ಅಂದರೆ ತೂತಿಗೆ ಹಾಕಿ ತಿರುವಬೇಕಿಲ್ಲದ ಸ್ಮಾರ್ಟ್ ಕೀ ಬಗ್ಗೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಬೇರೆ ಬೇರೆ ಕಂಪನಿಯ ಕೀಗಳಲ್ಲೂ ಇವೆ.

ನಮ್ಮ ಮನೆ ಧಾರವಾಡದಲ್ಲಿ, ಔಷಧ ಅಂಗಡಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ದಿನಾ ಹೋಗಿ ಬರುವುದು ಇದೇ ಕಾರಿನಲ್ಲಿ. ನಾನು ಸೀರೆ ಉಡುತ್ತೇನೆ, ಕಿಸೆ ಇಲ್ಲ. ಕೀ ಇರುವುದು ಬ್ಯಾಗಿನಲ್ಲಿ. ಊಟದ ಡಬ್ಬಿ, ನೀರಿನ ಬಾಟಲಿ, ಬಿಲ್ ಬುಕ್, ಕನ್ನಡಕ, ಫೋನು, ಎಲ್ಲದರ ತಳದಲ್ಲಿ.

ಮೊದಲು ಒಳ್ಳೆಯದನ್ನು ಹೇಳಬೇಕು. ಕೀ ಬ್ಯಾಗಿನಿಂದ ಹೊರಗೆ ತೆಗೆಯದೆ ಕಾರು ತೆಗೆದು ಓಡಿಸುವುದು ದೊಡ್ಡ ಸುಖ. ಧಾರವಾಡದ ಮಳೆ ನಿಮಗೆ ಗೊತ್ತಲ್ವಾ. ಜುಲೈನಲ್ಲಿ ಹಿಡಿದರೆ ಬಿಡುವುದಿಲ್ಲ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತರಕಾರಿ ಚೀಲ ಇದ್ದಾಗ ಬಾಗಿಲ ಹಿಡಿಕೆಯ ಮೇಲಿನ ಸಣ್ಣ ಬಟನ್ ಒತ್ತಿದರೆ ಸಾಕು. ಕಾರು ಕಡಿಮೆ ಫ್ರೀಕ್ವೆನ್ಸಿಯ ಒಂದು ಸಿಗ್ನಲ್ ಬಿಡುತ್ತದೆ, ಸುಮಾರು 125 ಕಿಲೋಹರ್ಟ್ಸ್. ಅದು ಮೀಟರು, ಒಂದೂವರೆ ಮೀಟರಿನಾಚೆ ಹೋಗುವುದಿಲ್ಲ. ಅಷ್ಟರೊಳಗೆ ಕೀ ಇದ್ದರೆ ಅದು ಎಚ್ಚರಗೊಂಡು 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಉತ್ತರ ಸರಿ ಇದ್ದರೆ ಬಾಗಿಲು ತೆಗೆಯುತ್ತದೆ. ಕೀಯೊಳಗೆ ಮೂರು ದಿಕ್ಕಿಗೆ ಸಿಗ್ನಲ್ ಹಿಡಿಯುವ ಕಾಯಿಲ್, ಅಂದರೆ ತಂತಿಯ ಸುರುಳಿ, ಇರುತ್ತದೆ. ಹಾಗಾಗಿ ಬ್ಯಾಗಿನಲ್ಲಿ ಅಡ್ಡ ಬಿದ್ದರೂ, ತಲೆಕೆಳಗಾಗಿದ್ದರೂ ಕೆಲಸ ಮಾಡುತ್ತದೆ. ಈ ಭಾಗ ಮಾಡಿದವರು ಬಹಳ ವಿಚಾರ ಮಾಡಿದ್ದಾರೆ. ಸ್ಟೀಲ್ ಡಬ್ಬಿಗೋ ಫೋನಿಗೋ ಅಂಟಿಕೊಂಡು ಕೂತರೆ ಮಾತ್ರ ಒಮ್ಮೊಮ್ಮೆ ತಡವರಿಸುತ್ತದೆ. ಕೀಗೆ ಬ್ಯಾಗಿನಲ್ಲಿ ಬೇರೆ ಖಾನೆ ಮಾಡಿಕೊಟ್ಟರೆ ಆ ತ್ರಾಸು ಇಲ್ಲ.

ಅಷ್ಟು ವಿಚಾರ ಮಾಡಿದವರು ಹೊರಗಿನ ಬಟನ್‌ಗಳ ವಿಷಯದಲ್ಲಿ ಯಾಕೆ ಕೈಬಿಟ್ಟರೋ!

ನಮ್ಮ ಕೀ ಮೇಲೆ ಮೂರು ಬಟನ್ ಇವೆ. ಲಾಕ್, ಅನ್‌ಲಾಕ್, ಡಿಕ್ಕಿ. ಮೂರೂ ಒಂದೇ ಸಾಲು, ಒಂದೇ ಅಳತೆ, ಒಂದೇ ನುಣುಪು. ಕೀ ಆಕಾರವೂ ಎರಡೂ ತುದಿಯಲ್ಲಿ ಒಂದೇ ಥರ ದುಂಡಗೆ. ಕೈಗೆ ಸಿಕ್ಕಾಗ ಮೇಲ್ಭಾಗ ಯಾವುದು, ಕೆಳಭಾಗ ಯಾವುದು ಅಂತ ಬೆರಳಿಗೆ ತಿಳಿಯುವುದಿಲ್ಲ. ಲಾಕ್ ಅಂತ ಒತ್ತಿದರೆ ಡಿಕ್ಕಿ ತೆರೆಯುತ್ತದೆ. ಮೇಲಿನ ಬಿಳಿ ಚಿತ್ರಗಳು ಹೆಬ್ಬೆರಳು ತಾಗುವ ಜಾಗದಲ್ಲಿ ಸವೆದು ಹೋಗಿವೆ. ಹೊಸದಾಗಿದ್ದಾಗ ಫಳಫಳ ಹೊಳೆಯುತ್ತಿದ್ದ ಕರಿ ಪ್ಲಾಸ್ಟಿಕ್ ಈಗ ಗೀರು ಬಿದ್ದು ಮಂಕಾಗಿದೆ. ಕೈ ಒದ್ದೆ ಇದ್ದರಂತೂ ಸೋಪಿನ ಹಾಗೆ ಜಾರುತ್ತದೆ.

ಹಳೇ ಬಟನ್ ಫೋನಿನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು. ಕಂಪ್ಯೂಟರ್ ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲೆ ಈಗಲೂ ಇದೆ. ನೋಡದೆ ಬೆರಳು ಜಾಗ ಹಿಡಿಯಲಿ ಅಂತ. ಅಂಥ ಒಂದು ಉಬ್ಬನ್ನು ಲಾಕ್ ಬಟನ್ ಮೇಲೆ ಕೊಡುವುದಕ್ಕೆ ಖರ್ಚೇನು ಬರುತ್ತದೆ? ಅಚ್ಚಿನಲ್ಲೇ ಮೂಡಿಸಬಹುದು. ಲಕ್ಷಗಟ್ಟಲೆ ರೂಪಾಯಿಯ ಕಾರಿಗೆ ಆ ಒಂದು ಚುಕ್ಕೆ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ರಾತ್ರಿ ಅಂಗಡಿ ಮುಚ್ಚಿ, ಬೀದಿದೀಪ ಇಲ್ಲದ ಕಡೆ ನಿಲ್ಲಿಸಿದ ಕಾರಿನ ಹತ್ತಿರ ಹೋಗುವ ಹೆಣ್ಣುಮಗಳಿಗೆ ಸರಿಯಾದ ಬಟನ್ ತಕ್ಷಣ ಸಿಗಬೇಕು. ಕೀ ಮೇಲೆತ್ತಿ ಬೆಳಕಿಗೆ ಹಿಡಿದು ನೋಡುವಂತೆ ಇರಬಾರದು.

ಇನ್ನೊಂದು ತೊಂದರೆ ತಾನಾಗಿ ಒತ್ತಿಕೊಳ್ಳುವ ಬಟನ್‌ಗಳದು. ಮೇಲ್ಮೈಗಿಂತ ಬಟನ್ ಸ್ವಲ್ಪ ತಗ್ಗಿನಲ್ಲಿ ಇದ್ದರೆ ಬೆರಳು ಬೇಕಂತಲೇ ಒತ್ತಬೇಕಾಗುತ್ತದೆ. ನಮ್ಮದರಲ್ಲಿ ಉಬ್ಬಿಕೊಂಡಿವೆ, ಆದರೆ ಒಂದಕ್ಕೊಂದು ಗುರುತು ಸಿಗುವ ಹಾಗೆ ಅಲ್ಲ. ಬ್ಯಾಗಿನಲ್ಲಿ ಊಟದ ಡಬ್ಬಿ ಕೀ ಮೇಲೆ ಕೂತರೆ ಮುಗಿಯಿತು. ಅನ್‌ಲಾಕ್ ಒತ್ತಿ ಹಿಡಿದರೆ ಕೆಲವು ಕಾರುಗಳಲ್ಲಿ ನಾಲ್ಕೂ ಗಾಜು ಇಳಿಯುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಕಾರಿನ ಬಿಸಿ ಗಾಳಿ ಹೊರಗೆ ಹೋಗಲಿ ಅಂತ ಕೊಟ್ಟ ಸೌಲಭ್ಯ ಅದು. ಹುಬ್ಬಳ್ಳಿಯ ಧೂಳಿನಲ್ಲಿ ಗಾಜು ಇಳಿದ ಕಾರು ಮಧ್ಯಾಹ್ನ ಪೂರ್ತಿ ನಿಂತರೆ ಸೀಟಿನ ಗತಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಒಬ್ಬೊಬ್ಬರ ಅಭಿಪ್ರಾಯ ಒಂದೊಂದು. ನಮ್ಮ ಮಾವನವರಿಗೆ ಕೀ ತಿರುವಿ ಗಾಡಿ ಚಾಲೂ ಮಾಡಿದರೇ ಸಮಾಧಾನ. "ಕೈಯಾಗ ಕೀಲಿಕೈ ಇದ್ದರ ಗಾಡಿ ನಂದು ಅನ್ನಸ್ತೈತಿ. ಇದು ಕಿಸೆದಾಗ ಇದ್ದೂ ಇಲ್ಲದಂಗ" ಅನ್ನುತ್ತಾರೆ. ಅವರ ಜುಬ್ಬಾದ ಕಿಸೆ ದೊಡ್ಡದು, ಹಾಗಾಗಿ ಗಾತ್ರದ ಬಗ್ಗೆ ತಕರಾರಿಲ್ಲ. ನಮ್ಮ ಮನೆಯವರಿಗೆ ಗಾತ್ರದ್ದೇ ತಕರಾರು. ಪ್ಯಾಂಟಿನ ಕಿಸೆಯಲ್ಲಿ ಗುಂಡುಕಲ್ಲು ಇಟ್ಟುಕೊಂಡಂತೆ ಉಬ್ಬಿರುತ್ತದೆ. ಮೈದುನನ ಹತ್ತಿರ ರೆನೋ ಕೈಗರ್ ಇದೆ. ಅದರ ಕೀ ತೆಳ್ಳಗಿನ ಕಾರ್ಡು. ಅದನ್ನು ಇಟ್ಟುಕೊಂಡು ದೂರ ಹೋದರೆ ಕಾರು ತಾನೇ ಲಾಕ್ ಆಗುತ್ತದೆ, ಹತ್ತಿರ ಬಂದರೆ ತೆರೆಯುತ್ತದೆ. ಕೀ ಕಾರ್ಡಿನ ಹಾಗೆ ಇರುವುದು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ತನ್ನ ಎಸ್-ಕ್ಲಾಸ್ ಕಾರಿಗೆ ಕೀಲೆಸ್ ಗೋ ಅನ್ನುವ ಇಂಥದ್ದೇ ವ್ಯವಸ್ಥೆ ಕೊಟ್ಟಾಗಲೇ ಅದು ಕಾರ್ಡಿನ ರೂಪದಲ್ಲಿತ್ತು. ನನಗೂ ಕಾರ್ಡೇ ಇಷ್ಟ. ಸಣ್ಣ ಪರ್ಸಿನಲ್ಲಿ ಕೂರುತ್ತದೆ, ಮದುವೆ ಮನೆಗೆ ಹೋಗುವಾಗ ದೊಡ್ಡ ಬ್ಯಾಗ್ ಬೇಕಾಗಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬಿಎಂಡಬ್ಲ್ಯೂ 2015ರಲ್ಲಿ ಪರದೆ ಇರುವ ಕೀ ಮಾಡಿತು. ಅದನ್ನು ಫೋನಿನ ಹಾಗೆ ಚಾರ್ಜ್ ಮಾಡಬೇಕು. ಚಾರ್ಜ್ ಮಾಡಬೇಕಾದ ಇನ್ನೊಂದು ಸಾಮಾನು ಮನೆಗೆ ಬರುವುದು ನನಗೆ ಬೇಡ.

ನಾದಿನಿಗೆ ಆದದ್ದು ಕೇಳಿ. ಗಂಡನನ್ನು ಹುಬ್ಬಳ್ಳಿ ಸ್ಟೇಷನ್ನಿಗೆ ಬಿಡಲು ಹೋಗಿದ್ದಳು. ಕಾರು ಚಾಲೂ ಇದ್ದಾಗಲೇ ಅವನು ಇಳಿದ. ಕೀ ಅವನ ಕಿಸೆಯಲ್ಲಿ. ಕಾರು ಎಚ್ಚರಿಕೆಗೆ ಕುಂಯ್ ಕುಂಯ್ ಅಂದು ಸದ್ದು ನಿಲ್ಲಿಸಿತು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು, ಯಾರು ಯಾಕೆ ಕೂಗಿದರೋ ಗೊತ್ತಾಗಲಿಲ್ಲ. ಓಡುವ ಕಾರು ಕೀ ದೂರ ಹೋದರೂ ನಿಲ್ಲುವುದಿಲ್ಲ. ದಾರಿ ನಡುವೆ ಎಂಜಿನ್ ಬಂದ್ ಆದರೆ ಅಪಾಯ ಅಂತ ಹಾಗೆ ಮಾಡಿದ್ದಾರೆ, ಅದು ಸರಿ. ಆದರೆ ಮನೆಗೆ ಬಂದು ಬಂದ್ ಮಾಡಿದ ಮೇಲೆ ಮತ್ತೆ ಚಾಲೂ ಆಗಲಿಲ್ಲ. ಕೀ ಅಷ್ಟರಲ್ಲಿ ರೈಲಿನಲ್ಲಿ ಹೊರಟಿತ್ತು. ಎಚ್ಚರಿಕೆ ಅಂದರೆ ಕೀ ವಾಪಸ್ ಬರುವ ತನಕ ಇರಬೇಕು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, "ಕೀ ಕಾರಿನಲ್ಲಿ ಇಲ್ಲ" ಅಂತ ಬರೆದು ತೋರಿಸಲಿ.

ಇನ್ನು ಸೆಲ್ ಖಾಲಿಯಾದರೆ ಏನು ಮಾಡಬೇಕು? ನಮಗೆ ಲೈನ್ ಬಜಾರಿನಲ್ಲಿ ಆಯಿತು, ಪೇಡೆ ತೆಗೆದುಕೊಂಡು ವಾಪಸ್ ಬಂದಾಗ. ಕೀ ಪಕ್ಕದಲ್ಲಿ ಒಂದು ಸಣ್ಣ ಕೊಂಡಿ ಇದೆ. ಅದನ್ನು ಸರಿಸಿ ಎಳೆದರೆ ಒಳಗಿನಿಂದ ಲೋಹದ ಕೀ ಬರುತ್ತದೆ. ಆದರೆ ಬಾಗಿಲಲ್ಲಿ ತೂತೇ ಕಾಣುವುದಿಲ್ಲ! ಡ್ರೈವರ್ ಬಾಗಿಲಿನ ಹಿಡಿಕೆಯ ತುದಿಯಲ್ಲಿ ಕಾರಿನ ಬಣ್ಣದ್ದೇ ಒಂದು ಮುಚ್ಚಳ, ಅದರ ಕೆಳಗೆ ಒಂದು ಸಣ್ಣ ಸಂದಿ. ಕೀ ತುದಿ ಅಲ್ಲಿ ತೂರಿಸಿ ಮೀಟಬೇಕು. ಮುಚ್ಚಳ ಬಂದ ಮೇಲೆ ತೂತು. ಬಾಗಿಲು ತೆಗೆದ ಕೂಡಲೇ ಅಲಾರಾಂ ಹೊಡೆದುಕೊಳ್ಳಲು ಶುರು. ಜನ ಸೇರಿದರು. "ಏನಾತ್ರೀ ಅಕ್ಕಾರ?" ಅಂತ ಒಬ್ಬರು, "ಸರೀರಿ, ದೂಡೋಣು" ಅಂತ ಇನ್ನೊಬ್ಬರು. ನಾನು ಒಳಗೆ ಕೂತು ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದೆ. ಅಲಾರಾಂ ನಿಂತಿತು, ಎಂಜಿನ್ ಚಾಲೂ ಆಯಿತು. ಕೀಯೊಳಗೆ ಸೆಲ್ ಇಲ್ಲದೆ ನಡೆಯುವ ಒಂದು ಚಿಪ್ ಇರುತ್ತದೆ. ಬಟನ್ ಹತ್ತಿರ ಇರುವ ಕಾಯಿಲ್‌ನಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಕೆಲವು ಕಾರುಗಳಲ್ಲಿ ಆ ಜಾಗ ಬೇರೆ ಕಡೆ ಇರುತ್ತದೆ, ಕಪ್ ಇಡುವ ತಗ್ಗಿನಲ್ಲೋ, ನಡುವಿನ ಡಬ್ಬಿಯಲ್ಲೋ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಓದಿದ್ದರಿಂದ ನನಗೆ ಗೊತ್ತಿತ್ತು. ಈ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಅದನ್ನು ಇಷ್ಟು ಮುಚ್ಚಿ ಯಾಕೆ ಇಟ್ಟಿದ್ದಾರೆ ಅನ್ನುವುದೇ ನನ್ನ ಪ್ರಶ್ನೆ. ಡೆಲಿವರಿ ಕೊಡುವ ಹುಡುಗರು ಹಾಡು ಹಾಕುವುದು ಹೇಗೆ ಅಂತ ಅರ್ಧ ತಾಸು ತೋರಿಸುತ್ತಾರೆ. ಇದನ್ನು ಎರಡು ನಿಮಿಷ ತೋರಿಸಬೇಕು.

ಕಳ್ಳತನದ ಮಾತು ಬೇಗ ಮುಗಿಸುತ್ತೇನೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ ನಿಂತು, ಸಿಗ್ನಲ್ ದೂರಕ್ಕೆ ಸಾಗಿಸುವ ಯಂತ್ರದಿಂದ ಕಾರಿಗೆ ಕೀ ಪಕ್ಕದಲ್ಲೇ ಇದೆ ಅನ್ನಿಸಬಹುದು. ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2011ರಲ್ಲೇ 8 ಕಂಪನಿಗಳ 10 ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಅಲುಗಾಡದೆ ಇದ್ದರೆ ತಾನೇ ನಿದ್ದೆಗೆ ಹೋಗುವ ಕೀಗಳು ಈಗ ಬಂದಿವೆ. ನಮ್ಮದು ಅಂಥದ್ದಲ್ಲ. ರಾತ್ರಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುವ ಬದಲು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚುತ್ತೇನೆ. ಆ ಡಬ್ಬಿ ಹಿಡಿದು ಕಾರಿನ ಪಕ್ಕ ನಿಂತು ನೋಡಿದೆ, ಬಾಗಿಲು ತೆಗೆಯಲಿಲ್ಲ. ನೀವೂ ನಿಮ್ಮ ಡಬ್ಬಿ ಹಾಗೆ ಪರೀಕ್ಷೆ ಮಾಡಿ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ. ಬಹಳಷ್ಟು ಕೀಗಳಲ್ಲಿ ಇರುವುದು ಸಿಆರ್2032 ಸೆಲ್. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಸಕ್ಕರೆ ಕಾಯಿಲೆಯವರು ಬಳಸುವ ಎಷ್ಟೋ ಗ್ಲೂಕೋಮೀಟರ್‌ಗಳಲ್ಲೂ ಇದೇ. ಹಾಗಾಗಿ ನಮ್ಮ ಅಂಗಡಿಯಲ್ಲಿ ಯಾವಾಗಲೂ ಇಟ್ಟಿರುತ್ತೇವೆ. ಕಾರಿನವರೂ ಬರುತ್ತಾರೆ. "ಅಕ್ಕಾರ, ಗಾಡಿ ಬಾಗಲಾ ತಗೀವಲ್ದರಿ, ಸೆಲ್ ಐತೇನ್ರಿ?" ಅಂತ ಕೇಳಿ, ಕೌಂಟರ್ ಮೇಲೇ ಕೀ ಬಿಚ್ಚುತ್ತಾರೆ. ನಾಣ್ಯ ತೂರಿಸಿ ತಿರುವಿದರೆ ಎರಡು ಹೋಳು. ಹೊಸ ಸೆಲ್ ಹಾಕಿ, ಹಳೇದನ್ನು ಅಂಗಿ ಕಿಸೆಗೆ ಇಳಿಸಿ ಹೊರಡುತ್ತಾರೆ. ಆಗ ನಾನು ಕರೆದು ವಾಪಸ್ ತೆಗೆದುಕೊಳ್ಳುತ್ತೇನೆ.

ಯಾಕೆ ಅಂದರೆ, ಈ ಅಳತೆಯ ಸೆಲ್ ಸಣ್ಣ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿನ ತೇವದಿಂದ ಕರೆಂಟ್ ಹರಿದು, ತಾಗಿದ ಜಾಗದಲ್ಲಿ ಕ್ಷಾರ ಹುಟ್ಟಿ ಸುಡುತ್ತದೆ. ಎರಡು ತಾಸಿನೊಳಗೇ ದೊಡ್ಡ ಗಾಯ ಆಗಬಹುದು. ಕೀಗೆ ಸಾಲದಷ್ಟು ಖಾಲಿಯಾದ ಸೆಲ್‌ನಲ್ಲೂ ಮಗುವನ್ನು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಕಾಯಬೇಡಿ. ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಸೀದಾ ಹೋಗಿ.

ಮಕ್ಕಳ ಆಟಿಕೆಯಲ್ಲಿ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನು ನೋಡಿರುತ್ತೀರಿ. ಕಾರಿನ ಕೀಗೆ ಯಾಕಿಲ್ಲ? ಅಳುವ ಮಗುವಿನ ಕೈಗೆ ನಾವು ಮೊದಲು ಕೊಡುವುದು ಕೀಯನ್ನೇ ಅಲ್ವಾ? ಮಗು ಬಾಯಿಗೆ ಹಾಕುತ್ತದೆ, ನೆಲಕ್ಕೆ ಬಡಿಯುತ್ತದೆ. ಬಿದ್ದಾಗ ನಮ್ಮ ಕೀ ಸಂದಿ ಬಿಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ. ಬಟನ್ ಸೆಲ್ ಇರುವ ವಸ್ತುಗಳ ಮುಚ್ಚಳ ಭದ್ರವಾಗಿರಬೇಕು ಅಂತ ಆಸ್ಟ್ರೇಲಿಯಾ 2022ರ ಜೂನ್‌ನಿಂದ ನಿಯಮ ಮಾಡಿದೆ. ನಮ್ಮ ಕಾರು ಕಂಪನಿಗಳು ನಿಯಮಕ್ಕಾಗಿ ಕಾಯಬೇಕಾಗಿಲ್ಲ. ಒಂದು ಸಣ್ಣ ಸ್ಕ್ರೂ ಸಾಕು. ಮಕ್ಕಳು ಬಾಯಿಂದ ಉಗುಳಲಿ ಅಂತ ಕಹಿ ಲೇಪ ಹಚ್ಚಿದ ಸೆಲ್‌ಗಳೂ ಸಿಗುತ್ತವೆ. ಕೆಲವು ಕೀಗಳಲ್ಲಿ ಆ ಲೇಪದಿಂದ ಕನೆಕ್ಷನ್ ಸರಿಯಾಗಿ ಕೂರುವುದಿಲ್ಲ. ಹಾಕಿ ನೋಡಿ, ನಡೆದರೆ ಅದನ್ನೇ ಬಳಸಿ.

ಕೀಗೆ ಹಾಕುವ ಕವರ್ ಬಗ್ಗೆ ಒಂದು ಮಾತು. ಬಿಗಿಯಾದ ಹೊಳೆಯುವ ಕವರ್ ಬೇಡ, ಅದು ಬಟನ್ ಒತ್ತಿಕೊಂಡೇ ಕೂತು ಸೆಲ್ ತಿನ್ನುತ್ತದೆ. ಮೆತ್ತಗಿನ ಸಿಲಿಕೋನ್ ಕವರ್ ತೆಗೆದುಕೊಳ್ಳಿ, ಚಿತ್ರಗಳು ಉಬ್ಬಾಗಿ ಮೂಡಿರುವಂಥದ್ದು. ಕಂಪನಿ ಕೊಡದ ಗುರುತು ಅದರಿಂದ ಬೆರಳಿಗೆ ಸಿಗುತ್ತದೆ, ಕೀ ಬಿದ್ದರೂ ಬಾಯಿ ಬಿಡುವುದಿಲ್ಲ. ಇನ್ನೊಂದು ಸ್ಮಾರ್ಟ್ ಕೀ ಮಾಡಿಸಲು ಸರ್ವಿಸ್ ಸೆಂಟರಿನಲ್ಲಿ ನಮಗೆ ಹೇಳಿದ ದರ 12,000 ರೂಪಾಯಿ. ಅದರ ಮುಂದೆ ಕವರ್ ಏನೂ ಅಲ್ಲ. ವಿಮೆ ಮಾಡಿಸುವಾಗ ಕೀ ಕಳೆದರೆ ಹಣ ಕೊಡುವ ಹೆಚ್ಚುವರಿ ಸೌಲಭ್ಯ ಇದೆಯಾ ಅಂತಲೂ ಕೇಳಿ.

ಒಟ್ಟಿನಲ್ಲಿ ಈ ಕೀಗೆ ಐದರಲ್ಲಿ ಮೂರು. ಒಳಗಿನ ಕೆಲಸಕ್ಕೆ ಪೂರ್ತಿ ಅಂಕ ಕೊಟ್ಟು, ಬಟನ್‌ಗೆ ಒಂದು, ಸೆಲ್ ಮುಚ್ಚಳಕ್ಕೆ ಒಂದು ಕಳೆದಿದ್ದೇನೆ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವ ಕೀ ನಿಮ್ಮ ಕಾರಿನದಾಗಿದ್ದರೆ ದಯವಿಟ್ಟು ಮಾಡೆಲ್ ಹೆಸರು ತಿಳಿಸಿ. ಅಂಗಡಿಗೆ ಬರುವ ಎಳೆ ಮಕ್ಕಳ ತಂದೆ ತಾಯಿಯರಿಗೆ ಹೇಳುತ್ತೇನೆ.